ಕರೆಂಟು ಹೋದಾಗ ಇನ್ನೇನೇನು ಹೋಗುತ್ತದೆ?

2021ರ ಫೆಬ್ರವರಿ 15, ಸೋಮವಾರ. ಬೆಳಗಿನ ಜಾವ ಎರಡು ಗಂಟೆ ಕಳೆದಿತ್ತು. ಟೆಕ್ಸಸ್‌ನ ಆಸ್ಟಿನ್ ನಗರದ ಉತ್ತರಕ್ಕೆ ನಮ್ಮ ಮನೆ. ಚಳಿಗಾಲದಲ್ಲಿ ಅಟ್ಟದ ಮೇಲಿನ ಹೀಟರಿನ ಫ್ಯಾನು ರಾತ್ರಿಯಿಡೀ ಗುಂಯ್ ಅನ್ನುತ್ತಿರುತ್ತದೆ. ಊರಿನ ಮಳೆಯ ಸದ್ದಿನ ಹಾಗೆ, ಅಭ್ಯಾಸವಾದ ಮೇಲೆ ಅದು ಕಿವಿಗೆ ಬೀಳುವುದೇ ಇಲ್ಲ. ಅವತ್ತು ಅದು ನಿಂತಿದ್ದೇ ತಡ, ನನಗೂ ಯಜಮಾನರಿಗೂ ಒಟ್ಟಿಗೇ ಎಚ್ಚರವಾಯಿತು. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಬೀದಿದೀಪ ಇರಲಿಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ, ಸರದಿಯ ಮೇಲೆ ತೆಗೆಯುತ್ತಾರಂತೆ ಎಂದು ಹಿಂದಿನ ದಿನ ಕೇಳಿದ್ದೆವು. ಕಂಬಳಿ ಎಳೆದುಕೊಂಡು ಮಲಗಿದೆವು. ನಮ್ಮನೆಗೆ ಕರೆಂಟು ಬಂದದ್ದು ಗುರುವಾರ.

ಬೆಳಿಗ್ಗೆ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಲ್ಲಿ ಸಂಜೆ ಏಳೂವರೆ. ಅಮ್ಮ ನಿರಾಳವಾಗಿ ಹೇಳಿದಳು: "ಹೋದ್ರೆ ಹೋಗ್ಲಿ ಮಾರಾಯ್ತಿ. ಒಲೆ ಹಚ್ಕೊಂಡು ಮಕ್ಕಳನ್ನ ಹತ್ರ ಕೂರಿಸ್ಕೊ."

"ಅಮ್ಮಾ, ಒಲೆನೂ ಕರೆಂಟಿಂದೇ."

"ಸ್ನಾನಕ್ಕೆ ಬಿಸಿನೀರು?"

"ಅದೂ ಅಷ್ಟೇ."

"ಕುಡಿಯೋಕೆ?"

"ಸದ್ಯಕ್ಕೆ ನಲ್ಲೀಲಿ ಬರ್ತಿದೆ. ಪೈಪು ಒಡೆಯುತ್ತೆ ಅಂತಿದ್ದಾರೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಹಾಗಾದ್ರೆ ನಿಮ್ಮನೇಲಿ ಕರೆಂಟು ಬಿಟ್ರೆ ಏನಿದೆ?"

ಈ ವಿಷಯದ ಮೇಲೆ ಆಮೇಲೆ ನಾನು ಓದಿದ್ದು ಎಷ್ಟೋ. ಅಷ್ಟರಲ್ಲೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಕ್ಕಿಲ್ಲ. ಟಾರ್ಚು, ಮೇಣದಬತ್ತಿ, ಬಿಸ್ಕತ್ತು ತಂದಿಡುವುದಕ್ಕೆ ಮೊದಲು ಮನೆಯಲ್ಲಿ ಏನೇನು ಆ ಒಂದು ತಂತಿಗೆ ನೇತುಬಿದ್ದಿದೆ ಎಂದು ನೋಡಿಕೊಳ್ಳಬೇಕು. ನಾನು ಬೆಳೆದ ಮನೆಯಲ್ಲಿ ನೇತುಬಿದ್ದದ್ದು ಬಲ್ಬು, ರೇಡಿಯೋ ಎರಡೇ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ, ಯಾರೂ ಅದನ್ನು ಆಪತ್ತು ಅಂದುಕೊಳ್ಳುತ್ತಲೂ ಇರಲಿಲ್ಲ. ಬೇಸಿಗೆಯಲ್ಲೇ ಸೌದೆ ಕೊಟ್ಟಿಗೆ ತುಂಬುತ್ತಿತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಡಬ್ಬಿ ಸೇರುತ್ತಿದ್ದವು. ಬಾವಿಗೆ ಹೊಸ ಹಗ್ಗ, ಲಾಟೀನಿಗೆ ಹೊಸ ಬತ್ತಿ ಬರುತ್ತಿತ್ತು. ಅದಕ್ಕೆ ಯಾರೂ ದೊಡ್ಡ ಹೆಸರು ಕೊಟ್ಟಿರಲಿಲ್ಲ, ಮಳೆಗಾಲಕ್ಕೆ ಮಾಡಿಕೊಳ್ಳೋದು ಅಂತಿದ್ದರು, ಅಷ್ಟೇ.

ಟೆಕ್ಸಸ್‌ನ ಮನೆಯ ಪಟ್ಟಿ ಬೇರೆ. ನಮ್ಮ ಹೀಟರು ಗ್ಯಾಸಿನದು. ಹಾಗಾಗಿ ಕರೆಂಟು ಹೋದರೂ ಮನೆ ಬೆಚ್ಚಗಿರುತ್ತದೆ ಅಂದುಕೊಂಡಿದ್ದೆ. ಬೆಂಕಿಗೆ ಗ್ಯಾಸು ಸಾಕು, ನಿಜ. ಆದರೆ ಕಿಡಿ ಹೊತ್ತಿಸುವುದು, ಹೊಗೆಯನ್ನು ಹೊರಗೆ ತಳ್ಳುವುದು, ಬಿಸಿಗಾಳಿಯನ್ನು ಕೋಣೆಕೋಣೆಗೆ ಊದುವುದು, ಇವೆಲ್ಲ ನಿಯಂತ್ರಿಸುವ ಹಲಗೆ, ಎಲ್ಲಕ್ಕೂ ಕರೆಂಟು ಬೇಕು. ಗ್ಯಾಸು ಗೋಡೆಯವರೆಗೆ ಬಂದು ನಿಂತಿತ್ತು, ಮನೆ ತಣ್ಣಗಾಗುತ್ತಿತ್ತು. ಕಾರು ಗ್ಯಾರೇಜಿನಲ್ಲಿ, ಗ್ಯಾರೇಜಿನ ಬಾಗಿಲು ಮೋಟಾರಿನದು. ಬಾಗಿಲ ಮೇಲಿನ ಹಳಿಯಿಂದ ಕೆಂಪು ಹಿಡಿಯ ಒಂದು ಹಗ್ಗ ಇಳಿಬಿದ್ದಿರುತ್ತದೆ. ಅದನ್ನು ಜಗ್ಗಿದರೆ ಮೋಟಾರು ಕಳಚಿಕೊಂಡು ಬಾಗಿಲನ್ನು ಕೈಯಲ್ಲಿ ಎತ್ತಬಹುದು. ಆರು ವರ್ಷ ಅದರ ಕೆಳಗೇ ಓಡಾಡಿದ್ದೆವು, ಯಾತಕ್ಕಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅಷ್ಟು ದೊಡ್ಡ ರಾಜ್ಯದಲ್ಲಿ, ಅದೂ ಎಣ್ಣೆ-ಗ್ಯಾಸು ಉಕ್ಕುವ ನೆಲದಲ್ಲಿ, ಸುಮಾರು 45 ಲಕ್ಷ ಮನೆ ಮತ್ತು ಅಂಗಡಿಗಳಿಗೆ ಕರೆಂಟು ಹೋದದ್ದು ಹೇಗೆ? ಇದು ಗೊತ್ತಿದ್ದರೆ ಮುಂದಿನ ಸಲ ಎಷ್ಟು ದಿನ ಹೋಗಬಹುದು ಎಂಬ ಅಂದಾಜೂ ಸಿಗುತ್ತದೆ.

ಆಲೆಮನೆ ನೋಡಿದವರಿಗೆ ವಿದ್ಯುತ್ ಜಾಲ ಅರ್ಥಮಾಡಿಸುವುದು ಸುಲಭ. ಕೋಣಗಳು ಗಾಣ ಸುತ್ತುತ್ತಿವೆ. ಕಬ್ಬು ಒಂದೇ ಸಮನೆ ಕೊಡುತ್ತಿದ್ದರೆ ಅವುಗಳ ನಡಿಗೆಯೂ ಒಂದೇ ಸಮ. ಒಮ್ಮೆಲೇ ನಾಲ್ಕು ಕಬ್ಬು ಹೆಚ್ಚಿಗೆ ತುರುಕಿದರೆ ಗಾಣ ನಿಧಾನವಾಗುತ್ತದೆ. ಒಂದು ಕೋಣ ಕುಸಿದು ಕೂತರೂ ನಿಧಾನವಾಗುತ್ತದೆ. ವಿದ್ಯುತ್ ಜಾಲದಲ್ಲಿ ನೂರಾರು ಉತ್ಪಾದನಾ ಘಟಕಗಳು ಒಂದೇ ಗಾಣಕ್ಕೆ ಕಟ್ಟಿದ ಕೋಣಗಳಂತೆ, ಒಂದೇ ವೇಗದಲ್ಲಿ ತಿರುಗಬೇಕು. ಆ ವೇಗವನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ: ನಮ್ಮ ದೇಶದಲ್ಲಿ 50, ಅಮೆರಿಕದಲ್ಲಿ 60. ಬೇಡಿಕೆ ಹೆಚ್ಚಾದರೆ ಅಥವಾ ಘಟಕ ನಿಂತರೆ ಈ ಅಂಕಿ ಇಳಿಯುತ್ತದೆ. ಒಂದು ಮಿತಿಗಿಂತ ಕೆಳಗಿಳಿದರೆ ಉಳಿದ ಘಟಕಗಳು ತಮ್ಮ ಯಂತ್ರ ಉಳಿಸಿಕೊಳ್ಳಲು ತಾವೇ ಕಳಚಿಕೊಳ್ಳುತ್ತವೆ. ಒಂದು ಕೂತರೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಆಗ ಉಳಿಯುವ ದಾರಿ ಒಂದೇ, ಗಾಣದಿಂದ ಕಬ್ಬು ಎಳೆದು ತೆಗೆಯುವುದು. ಲೋಡ್ ಶೆಡ್ಡಿಂಗ್ ಎಂದರೆ ಅಷ್ಟೇ.

ಆ ರಾತ್ರಿ ಟೆಕ್ಸಸ್ ಜಾಲದ ವೇಗ 59.302 ಹರ್ಟ್ಜ್‌ಗೆ ಇಳಿದಿತ್ತು. 59.4ಕ್ಕಿಂತ ಕೆಳಗೆ ಅದು 4 ನಿಮಿಷ 23 ಸೆಕೆಂಡು ಇತ್ತು. 9 ನಿಮಿಷ ಹಾಗೇ ಇದ್ದಿದ್ದರೆ ಘಟಕಗಳು ಸಾಲಾಗಿ ಕಳಚಿಕೊಂಡು ಇಡೀ ಜಾಲ ಮಲಗುತ್ತಿತ್ತು, ಮತ್ತೆ ಎಬ್ಬಿಸಲು ವಾರಗಳೇ ಹಿಡಿಯಬಹುದಿತ್ತು. ನಾವು ಕಂಬಳಿ ಎಳೆದುಕೊಂಡು ಮಲಗಿದ ಹೊತ್ತು ಅದು. ಚಳಿಗೆ ಎಲ್ಲರ ಹೀಟರೂ ಉರಿಯುತ್ತಿದ್ದಾಗಲೇ ಗ್ಯಾಸ್ ಬಾವಿಗಳ ಬಾಯಲ್ಲಿ ನೀರು ಹೆಪ್ಪುಗಟ್ಟಿತ್ತು, ಗಾಳಿಯಂತ್ರಗಳ ರೆಕ್ಕೆಗೆ ಮಂಜು ಮೆತ್ತಿತ್ತು. ಅಣುಸ್ಥಾವರದ ಒಂದು ಘಟಕ ಕೂಡ ನೀರಿನ ಒತ್ತಡ ಅಳೆಯುವ ಸಣ್ಣ ಕೊಳವೆ ಗಟ್ಟಿಯಾಗಿ ನಿಂತುಹೋಯಿತು. ಲೋಡ್ ಶೆಡ್ಡಿಂಗ್ ಶುರುವಾದಾಗ ಗ್ಯಾಸು ತಳ್ಳುವ ಕೆಲವು ಪಂಪುಗಳಿಗೂ ಕರೆಂಟು ಹೋಯಿತು. ಗ್ಯಾಸಿಲ್ಲದೆ ಕರೆಂಟಿಲ್ಲ, ಕರೆಂಟಿಲ್ಲದೆ ಗ್ಯಾಸಿಲ್ಲ.

ಅಕ್ಕಪಕ್ಕದ ರಾಜ್ಯಗಳಿಂದ ತರಿಸಬಹುದಿತ್ತಲ್ಲ ಎಂದರೆ, ಟೆಕ್ಸಸ್‌ನ ಬಹುಭಾಗ ಅಮೆರಿಕದ ಉಳಿದ ಎರಡು ದೊಡ್ಡ ಜಾಲಗಳಿಂದ ಬೇರೆಯಾಗಿಯೇ ನಡೆಯುತ್ತದೆ. ನಡುವೆ ಸಣ್ಣಪುಟ್ಟ ಕೊಂಡಿಗಳಿವೆ, ಅಷ್ಟೇ. ಒಂಟಿಯಾಗಿದ್ದರೆ ನಷ್ಟವೇ ಎಂದೇನೂ ಇಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಮಲಗಿತು, ಎರಡನೆಯ ಸಲ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಜೊತೆಗೆ. ಎರಡನೆಯ ದಿನ ಕತ್ತಲಾದ ಪ್ರದೇಶದಲ್ಲಿ ಸುಮಾರು 60 ಕೋಟಿ ಜನರಿದ್ದರು. ಕರ್ನಾಟಕಕ್ಕೆ ಏನೂ ಆಗಲಿಲ್ಲ, ದಕ್ಷಿಣದ ಗಾಣ ಆಗ ಬೇರೆಯೇ ಸುತ್ತುತ್ತಿತ್ತು. ರಾಯಚೂರು-ಸೋಲಾಪುರ ಮಾರ್ಗದ ಮೂಲಕ ಅದು ದೇಶದ ಜಾಲಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು. ಕೂಡಿದ್ದರೆ ಸಾಲ ಸಿಗುತ್ತದೆ, ಬೇರೆಯಿದ್ದರೆ ಪಕ್ಕದ ಮನೆಯ ಬೆಂಕಿ ತಾಗುವುದಿಲ್ಲ. ಅವಿಭಕ್ತ ಕುಟುಂಬದ ಲೆಕ್ಕಾಚಾರವೇ ಇದು.

ಸರದಿಯ ಮೇಲೆ ತೆಗೆಯುತ್ತೇವೆ ಎಂದವರು ಸರದಿ ತಪ್ಪಿಸಿದ್ದೇಕೆ ಎಂದು ನಮ್ಮ ಬೀದಿಯವರೆಲ್ಲ ಹಲ್ಲು ಕಡಿಯುತ್ತಿದ್ದೆವು. ಎರಡು ಬೀದಿ ಆಚೆ ದೀಪ ಉರಿಯುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಆಸ್ಪತ್ರೆ, ನೀರಿನ ಪಂಪು ಇಂಥವಿರುವ ಫೀಡರುಗಳನ್ನು, ಅಂದರೆ ಬೀದಿಬೀದಿಗೆ ಕರೆಂಟು ಒಯ್ಯುವ ಲೈನುಗಳನ್ನು, ಮುಟ್ಟುವಂತಿಲ್ಲ. ಆ ದಿನ ಇಳಿಸಬೇಕಾಗಿ ಬಂದ ಹೊರೆ 20,000 ಮೆಗಾವಾಟ್‌ವರೆಗೆ ಹೋಯಿತು. ಮುಟ್ಟಬಹುದಾದ ಫೀಡರುಗಳನ್ನೆಲ್ಲ ತೆಗೆದರೆ ಮಾತ್ರ ಅಷ್ಟು ಹೊಂದುತ್ತಿತ್ತು. ಸರದಿಗೆ ಬೇರೆ ಫೀಡರೇ ಉಳಿದಿರಲಿಲ್ಲ. ದೀಪವಿದ್ದ ಬೀದಿ ಆಸ್ಪತ್ರೆಯ ಫೀಡರಿನದು. ಬಾಡಿಗೆ ಮನೆ ಹುಡುಕುವವರಿಗೆ ಈಗ ನಾನು ಹೇಳುವುದುಂಟು: ಶಾಲೆ ಹತ್ತಿರವಿದೆಯಾ ನೋಡಿ, ಆಸ್ಪತ್ರೆಯ ಫೀಡರಾ ಅಂತಲೂ ಕೇಳಿ. ಅರ್ಧ ತಮಾಷೆಗೆ.

ಎರಡೇ ವರ್ಷಕ್ಕೆ, 2023ರ ಫೆಬ್ರವರಿ ಮೊದಲ ವಾರ, ಆಸ್ಟಿನ್‌ನಲ್ಲಿ ಮತ್ತೆ ಹೋಯಿತು. ಈ ಸಲ ಜಾಲಕ್ಕೆ ಏನೂ ಆಗಿರಲಿಲ್ಲ. ಮಳೆ ಮರದ ಮೇಲೆಯೇ ಮಂಜುಗಡ್ಡೆಯಾಗಿ, ಓಕ್ ಮರದ ಕೊಂಬೆಗಳು ಭಾರ ತಾಳದೆ ಪಟಾಕಿಯಂತೆ ಸಿಡಿದು ತಂತಿಗಳ ಮೇಲೆ ಬಿದ್ದವು. ಇದು ಅಪ್ಪಟ ಮಲೆನಾಡಿನ ಕರೆಂಟು ಹೋಗುವಿಕೆ, ಮಳೆಯ ಬದಲು ಮಂಜು. ಇಂಥದ್ದರಲ್ಲಿ ನಿಮ್ಮ ಬೀದಿಗೆ ಯಾವಾಗ ಬರುತ್ತದೆ ಎನ್ನುವುದು ಲೈನ್‌ಮ್ಯಾನ್ ಎಷ್ಟು ಬೇಗ ನಿಮ್ಮ ಕಂಬಕ್ಕೆ ತಲುಪುತ್ತಾನೆ ಎಂಬುದರ ಮೇಲೆ. ಸಾವಿರ ಮನೆಯ ಲೈನು ಮೊದಲು, ಹತ್ತು ಮನೆಯ ಲೈನು ಕೊನೆಗೆ. ಹಾಗಾಗಿ ಕರೆಂಟು ಹೋದ ಕೂಡಲೇ ಊರಿಗೆಲ್ಲ ಹೋಗಿದೆಯೋ, ನಮ್ಮ ಬೀದಿಗೆ ಮಾತ್ರವೋ, ನಮ್ಮ ಮನೆಗೆ ಮಾತ್ರವೋ ಎಂದು ನೋಡಿಕೊಳ್ಳುವುದು ಒಳ್ಳೆಯದು. ಮನೆಗೆ ಮಾತ್ರ ಹೋಗಿದ್ದರೆ ಬ್ರೇಕರು ನೋಡಿದರಾಯಿತು. ಬೀದಿಗೆ ಹೋಗಿದ್ದರೆ ದೂರು ಕೊಡಬೇಕು, ಯಾರಾದರೂ ಕೊಟ್ಟಿರುತ್ತಾರೆ ಅಂದುಕೊಂಡು ಎಲ್ಲರೂ ಸುಮ್ಮನಿರುವುದುಂಟು. ಊರಿಗೇ ಹೋಗಿದ್ದರೆ ದಿನಗಳ ಲೆಕ್ಕ ಹಾಕಿಕೊಳ್ಳಿ.

ನಮ್ಮ ಕಡೆಯವರಿಗೆ ಹೊಸದಾದ ಅಪಾಯವೆಂದರೆ ನೀರಿನ ಪೈಪು. ತೀರ್ಥಹಳ್ಳಿಯಲ್ಲಿ ಬೆಳೆದವಳಿಗೆ ನೀರು ಗಟ್ಟಿಯಾಗಿ ಮನೆ ಹಾಳಾಗುತ್ತದೆ ಎಂದರೆ ನಂಬಿಕೆ ಬರುವುದಾದರೂ ಹೇಗೆ? ಗಟ್ಟಿಯಾಗುವಾಗ ನೀರು ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಮಂಜುಗಡ್ಡೆ ಇರುವ ಜಾಗದಲ್ಲೇ ಪೈಪು ಸೀಳುತ್ತದೆ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಆಗುವುದು ಬೇರೆ. ಪೈಪಿನ ತಣ್ಣನೆಯ ಜಾಗದಲ್ಲಿ ಮಂಜಿನ ಬಿರಡೆಯೊಂದು ಕೂರುತ್ತದೆ. ಅದು ಬೆಳೆಯುತ್ತಾ ಮುಂದಿನ ನೀರನ್ನು ನಲ್ಲಿಯ ಕಡೆಗೆ ಒತ್ತುತ್ತದೆ. ನಲ್ಲಿ ಮುಚ್ಚಿದ್ದರೆ ನಡುವೆ ಸಿಕ್ಕಿಬಿದ್ದ ನೀರಿಗೆ ದಾರಿಯಿಲ್ಲ, ಒತ್ತಡ ಏರಿ ಎಲ್ಲಿ ಪೈಪು ದುರ್ಬಲವೋ ಅಲ್ಲಿ ಬಾಯಿ ಬಿಡುತ್ತದೆ. ನಲ್ಲಿಯನ್ನು ತುಸು ಬಿಟ್ಟಿಡಿ ಎಂದು ಹೇಳುವುದು ಇದಕ್ಕೇ. ಹರಿಯುವ ನೀರು ಬೇಗ ಗಟ್ಟಿಯಾಗದು ಎಂಬುದು ಒಂದು ಲಾಭ, ಒತ್ತಡಕ್ಕೆ ಹೊರದಾರಿ ಸಿಗುತ್ತದೆ ಎಂಬುದು ಅದಕ್ಕಿಂತ ದೊಡ್ಡದು. ತಣ್ಣೀರು, ಬಿಸಿನೀರು ಎರಡೂ ನಲ್ಲಿ ಬಿಡಬೇಕು, ಎರಡಕ್ಕೂ ಪೈಪು ಬೇರೆ ತಾನೆ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲೂ ತೆರೆದಿರಲಿ, ಕೋಣೆಯ ಗಾಳಿ ಪೈಪಿಗೆ ತಾಗಲಿ.

ಚಳಿ ದೇಶದ ಮನೆಗಳಲ್ಲಿ ಪೈಪು ನೆಲಮಾಳಿಗೆಯಲ್ಲಿರುತ್ತದೆ. ಟೆಕ್ಸಸ್‌ನಲ್ಲಿ ಮನೆ ಕಟ್ಟುವುದು ಸೆಖೆಗೆ. ನೆಲಮಾಳಿಗೆ ಅಪರೂಪ, ಎಷ್ಟೋ ಮನೆಗಳಲ್ಲಿ ಪೈಪು ಹಾದುಹೋಗುವುದು ಅಟ್ಟದಲ್ಲಿ, ಹೊರಗೋಡೆಯೊಳಗೆ. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು -7 ಸೆಲ್ಸಿಯಸ್‌ಗೆ ಇಳಿದರೆ ಇಂಥ ಪೈಪುಗಳಿಗೆ ಅಪಾಯ. ಆ ವಾರ ಆಸ್ಟಿನ್‌ನಲ್ಲಿ ಫ್ಯಾರನ್‌ಹೀಟ್ ಒಂದಂಕಿಗೆ ಬಂದಿತ್ತು, ಡಲ್ಲಾಸ್‌ನಲ್ಲಿ ಸೊನ್ನೆಗಿಂತ ಕೆಳಗೆ -2ಕ್ಕೆ, ನಮ್ಮ ಲೆಕ್ಕದಲ್ಲಿ -19.

ಒಡೆದದ್ದು ಗೊತ್ತಾಗುವುದು ಬಿಸಿಲು ಬಂದ ಮೇಲೆ. ಬಿರಡೆ ಕರಗಿ ನೀರು ನುಗ್ಗಿದಾಗ. ಎದುರು ಮನೆಯವರ ಊಟದ ಕೋಣೆಯ ಸೀಲಿಂಗು ಗುರುವಾರ ಮಧ್ಯಾಹ್ನ ಹೊಟ್ಟೆ ಬಂದಂತೆ ಇಳಿದು, ಧೊಪ್ಪನೆ ಮೇಜಿನ ಮೇಲೆ ಬಿತ್ತು. ಹಿಂದೆಯೇ ಅಟ್ಟದ ಹತ್ತಿಯಂಥ ಹೊದಿಕೆಯೆಲ್ಲ ನೆಂದು ಬಂತು. ಆ ಮನೆಯಾತ ಸ್ಪ್ಯಾನರು ಹಿಡಿದು ಅಂಗಳದ ಹಿಮದಲ್ಲಿ ನೀರಿನ ಮೀಟರಿನ ಮುಚ್ಚಳ ಹುಡುಕುತ್ತಿದ್ದ. ಸಿಕ್ಕಿತು, ಒಳಗೆ ಮಣ್ಣು ತುಂಬಿತ್ತು. ಮಣ್ಣು ತೆಗೆದ ಮೇಲೆ ಅವನ ಸ್ಪ್ಯಾನರು ಆ ವಾಲ್ವಿಗೆ ಹಿಡಿಯಲಿಲ್ಲ. ಅದಕ್ಕೆ ಇಂಗ್ಲಿಷಿನ ಟೀ ಅಕ್ಷರದ ಆಕಾರದ ಉದ್ದ ಕೀಲಿ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕೆ ಹೆಚ್ಚೇನೂ ಬೆಲೆಯಿಲ್ಲ. ಇಪ್ಪತ್ತು ನಿಮಿಷ ನೀರು ಸುರಿಯಿತು. ಮನೆ ಮತ್ತೆ ವಾಸಕ್ಕೆ ಬಂದದ್ದು ಶ್ರಾವಣಕ್ಕೆ.

ಒಂದೇ ಒಂದು ಕೆಲಸ ಮಾಡಬೇಕು ಎಂದರೆ ನಾನು ಹೇಳುವುದು ಇದನ್ನೇ. ಬಿಸಿಲಿರುವ ಒಂದು ಭಾನುವಾರ ಹೋಗಿ ನಿಮ್ಮ ಮನೆಯ ನೀರಿನ ಮುಖ್ಯ ವಾಲ್ವು ಎಲ್ಲಿದೆ ನೋಡಿ, ಒಮ್ಮೆ ಮುಚ್ಚಿ, ತೆರೆದು ಬನ್ನಿ. ಮನೆಯಲ್ಲಿರುವ ಎಲ್ಲರಿಗೂ ತೋರಿಸಿ. ಹೀಟರು ಸತ್ತು ಹೊರಗೆ ಚಳಿ ಏರುತ್ತಲೇ ಇದ್ದರೆ ತೊಟ್ಟಿಕ್ಕಿಸುವುದನ್ನು ನಂಬಿಕೊಂಡು ಕೂರಬಾರದು. ಬೇಕಾದಷ್ಟು ನೀರು ಹಿಡಿದಿಟ್ಟುಕೊಂಡು, ವಾಲ್ವು ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪು ಖಾಲಿ ಮಾಡುವುದು ಕ್ಷೇಮ. ಖಾಲಿ ಪೈಪು ಒಡೆಯುವುದಿಲ್ಲ.

ಹಿಡಿದಿಡುವುದು ಎಷ್ಟು? ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್, ಮೂರು ದಿನಕ್ಕೆ ಎನ್ನುವುದು ಅಮೆರಿಕದ ಸರ್ಕಾರಿ ಲೆಕ್ಕ. ಇದು ಕುಡಿಯಲು, ಅಡುಗೆಗೆ, ಕೈಬಾಯಿಗೆ ಮಾತ್ರ. ಕಕ್ಕಸಿಗೆ ಬೇರೆ ಬೇಕು. ಫ್ಲಶ್ಶಿನ ತೊಟ್ಟಿ ತುಂಬದಿದ್ದರೂ ಸರಿ, ಆರೇಳು ಲೀಟರನ್ನು ಬಕೆಟ್ಟಿನಿಂದ ಒಮ್ಮೆಲೇ ಕಮೋಡಿಗೆ ಸುರಿದರೆ ಕೆಲಸ ಆಗುತ್ತದೆ. ಅಮೆರಿಕನ್ನರ ಬಚ್ಚಲಲ್ಲಿ ಬಕೆಟ್ ಇರುವುದಿಲ್ಲ, ನಮ್ಮವರ ಬಚ್ಚಲಲ್ಲಿ ಬಕೆಟ್ಟೂ ಮಗ್ಗೂ ಇಲ್ಲದೇ ಇರುವುದಿಲ್ಲ. ಆ ವಾರ ಪಕ್ಕದ ಮನೆಯವರು ನಮ್ಮಿಂದ ಎರವಲು ಪಡೆದದ್ದು ಅದನ್ನೇ. ಹಿಮ ಕರಗಿಸಿ ಸುರಿಯೋಣ ಎಂದು ಮಕ್ಕಳು ಬಕೆಟ್ ತುಂಬ ತಂದರು. ಕರಗಿದಾಗ ಎರಡು ಚೊಂಬು ನೀರು. ಬಿಸಿನೀರಿನ ಟ್ಯಾಂಕನ್ನು ಮರೆಯಬೇಡಿ. ಅಲ್ಲಿನ ಮನೆಗಳಲ್ಲಿ ಅದು 150ರಿಂದ 190 ಲೀಟರಿನದು. ಅದರ ಗ್ಯಾಸೋ ಕರೆಂಟೋ ಬಂದ್ ಮಾಡಿ, ಆರಿದ ಮೇಲೆ ಬುಡದ ನಲ್ಲಿಯಿಂದ ಹಿಡಿಯಬಹುದು. ಆಸ್ಟಿನ್‌ನಲ್ಲಿ ಫೆಬ್ರವರಿ 17ರಂದು ನೀರು ಕುದಿಸಿಯೇ ಕುಡಿಯಿರಿ ಎಂದು ಇಡೀ ನಗರಕ್ಕೆ ಸೂಚನೆ ಬಂತು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಫ್ರಿಜ್ಜಿನಲ್ಲಿಡುವ ಸೋಸುವ ಜಗ್ಗು ಇದಕ್ಕೆ ಸಾಲದು.

ಈಗ ಚಳಿ. ಇಡೀ ಮನೆ ಬೆಚ್ಚಗಿಡುವ ಆಸೆ ಬಿಡಬೇಕು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಬಿಸಿ ಬರುತ್ತದೆ, ಹಳೆಯ ದಪ್ಪ ಬಲ್ಬಿನಷ್ಟು. ನಾಲ್ಕು ಜನ ಸಣ್ಣ ಕೋಣೆಯಲ್ಲಿ ಸೇರಿದರೆ 400 ವಾಟಿನ ಹೀಟರು. ನಾವು ಮಂಗಳವಾರ ರಾತ್ರಿ ಮಲಗಿದ್ದು ಬಟ್ಟೆ ಇಡುವ ಕೋಣೆಯಲ್ಲಿ. ಅದಕ್ಕೆ ಕಿಟಕಿಯಿಲ್ಲ, ಹೊರಗೋಡೆಯಿಲ್ಲ, ಸುತ್ತಲೂ ನೇತುಹಾಕಿದ ಕೋಟು-ಸೀರೆಗಳೇ ಗೋಡೆಗೆ ಹೊದಿಕೆ. ಬಾಗಿಲ ಸಂದಿಗೆ ಟವೆಲು ಸುರುಳಿ ಮಾಡಿ ಇಟ್ಟೆವು. ಹಜಾರದಲ್ಲಿ ತಾಪಮಾನ 42 ಫ್ಯಾರನ್‌ಹೀಟ್, ಅಂದರೆ ಐದಾರು ಸೆಲ್ಸಿಯಸ್. ಒಳಗೆ ಮೂಗು ತಣ್ಣಗಿದ್ದರೂ ನಿದ್ದೆ ಬಂತು. ಊರಿಂದ ಬರುವಾಗ ಅಮ್ಮ ಬಲವಂತವಾಗಿ ಸೂಟ್‌ಕೇಸಿಗೆ ತುರುಕಿದ್ದ ಕರಿ ಕಂಬಳಿಯನ್ನು ಆರು ವರ್ಷ ನಾಚಿಕೆಯಿಂದ ಬಚ್ಚಿಟ್ಟಿದ್ದೆ. ಅವತ್ತು ಅದಕ್ಕಾಗಿ ಮಕ್ಕಳು ಕಿತ್ತಾಡಿದರು.

ಚಳಿ ತಡೆಯಲಾರದೆ ಜನ ಮಾಡುವ ತಪ್ಪೊಂದಿದೆ. ಅಗ್ಗಿಷ್ಟಿಕೆ. ಇದ್ದಿಲಿನ ಒಲೆಯನ್ನೋ ಜನರೇಟರನ್ನೋ ಒಳಗೆ ತರುತ್ತಾರೆ, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಒಳಗೆ ಕೂರುತ್ತಾರೆ. ಗಾಳಿ ಸಾಲದೆ ಉರಿಯುವ ಯಾವುದೇ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದು ಅಂಟಿಕೊಳ್ಳುವುದರಿಂದ ಸ್ವಲ್ಪವಿದ್ದರೂ ಸಾಕು, ಉಸಿರಾಡುತ್ತಲೇ ಉಸಿರುಗಟ್ಟುತ್ತದೆ. ಟೆಕ್ಸಸ್ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಆ ಚಳಿಗೆ ಸತ್ತವರು 246. ಮೈ ತಣ್ಣಗಾಗಿ ಸತ್ತವರು 161, ಈ ಅನಿಲಕ್ಕೆ ಸತ್ತವರು 19. ಬೆಂಗಳೂರಿನ ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜೀವ ಕಳೆದುಕೊಳ್ಳುವವರ ಸುದ್ದಿ ಆಗಾಗ ಬರುತ್ತದಲ್ಲ, ಅದೂ ಇದೇ ಅನಿಲ.

ಹಾಗಾದರೆ ಅಜ್ಜನ ಮನೆಯಲ್ಲಿ ಇಡೀ ರಾತ್ರಿ ಕೆಂಡ ಇರುತ್ತಿತ್ತಲ್ಲ, ಏನೂ ಆಗಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಅಜ್ಜನ ಮನೆಯ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಈಗಿನ ಮನೆ ಗಾಳಿ ಸೋರದಂತೆ ಕಟ್ಟಿದ್ದು. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು, ವಾಕರಿಕೆ, ಮಂಪರು ಬಂದರೆ ಜ್ವರ ಅಂದುಕೊಳ್ಳದೆ ಮೊದಲು ಹೊರಗೆ ಬನ್ನಿ. ಬ್ಯಾಟರಿಯಲ್ಲಿ ನಡೆಯುವ ಅಲಾರಂ ಒಂದು ಮಲಗುವ ಕೋಣೆಯ ಬಳಿ ಇರಲಿ. ಜನರೇಟರು ಮನೆಯಿಂದ ಕನಿಷ್ಠ 20 ಅಡಿ ದೂರ, ಅದರ ಹೊಗೆ ಕಿಟಕಿಯ ಕಡೆ ಬಾರದಂತೆ ಇರಬೇಕು. ಅದರ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕೊಡುವ ಜಾಣತನ ಬೇಡವೇ ಬೇಡ. ಆ ಕರೆಂಟು ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹತ್ತಿ ಸಾವಿರಾರು ವೋಲ್ಟಾಗುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದವನ ಜೀವ ಹೋಗುತ್ತದೆ.

ಬ್ಯಾಟರಿ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಒಂದು ಗುಣಾಕಾರ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ. ವಾಟ್ ಎಂದರೆ ಹರಿವು, ವಾಟ್-ಅವರ್ ಎಂದರೆ ಕೊಡದಲ್ಲಿರುವ ನೀರು. ಊರಲ್ಲಿ ಎಲ್ಲರೂ ಹಾಕಿಸುವ 150 ಆಂಪಿಯರ್-ಅವರ್ ಬ್ಯಾಟರಿಯನ್ನು 12 ವೋಲ್ಟಿನಿಂದ ಗುಣಿಸಿದರೆ 1,800 ವಾಟ್-ಅವರ್. ಸೋರಿಕೆ ಕಳೆದು ಕೈಗೆ ಸಿಗುವುದು 1,300ರ ಆಸುಪಾಸು. ಎರಡು ಫ್ಯಾನು, ಐದು ಎಲ್‌ಇಡಿ, ವೈಫೈ ಸೇರಿ 200 ವಾಟ್ ಎಂದರೆ ಆರು ಗಂಟೆ ಬರುತ್ತದೆ. ಅದೇ ಬ್ಯಾಟರಿಗೆ 1,500 ವಾಟಿನ ರೂಮ್ ಹೀಟರು ಹಾಕಿದರೆ ಒಂದು ಗಂಟೆಯೂ ಬರದು. ಬಿಸಿ ಮಾಡುವ ಯಾವ ವಸ್ತುವೂ ಬ್ಯಾಟರಿಗೆ ಹೇಳಿಸಿದ್ದಲ್ಲ: ಗೀಸರು, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ. ದೀಪ, ಫೋನು, ವೈಫೈ, ನಿದ್ದೆಯಲ್ಲಿ ಉಸಿರಾಟಕ್ಕೆ ಹಾಕಿಕೊಳ್ಳುವ ಯಂತ್ರ, ಇಷ್ಟಕ್ಕೆ ಅದು. 20,000 ಮಿಲಿಆಂಪಿಯರ್-ಅವರಿನ ಪವರ್ ಬ್ಯಾಂಕಿನಲ್ಲಿ 74 ವಾಟ್-ಅವರ್ ಇರುತ್ತದೆ, ಫೋನಿಗೆ ಮೂರು ನಾಲ್ಕು ಸಲ.

2021ರ ಪೆಟ್ಟಿಗೆ ಹೆದರಿ ನಾವೂ ಸಾವಿರ ವಾಟ್-ಅವರಿನ ಪೆಟ್ಟಿಗೆಯೊಂದನ್ನು ತಂದಿಟ್ಟೆವು. 2023ರ ಮಂಜಿನಲ್ಲಿ ಹೆಮ್ಮೆಯಿಂದ ಹೊರತೆಗೆದಾಗ ಅದರಲ್ಲಿದ್ದದ್ದು ನೂರಕ್ಕೆ ಹನ್ನೊಂದು. ಮಕ್ಕಳು ಬೇಸಿಗೆಯಲ್ಲಿ ಕ್ಯಾಂಪಿಂಗಿಗೆ ಒಯ್ದು ತಂದು ಹಾಗೇ ಇಟ್ಟಿದ್ದರು. ಅಲಾರಮ್ಮಿನ ಬ್ಯಾಟರಿಯನ್ನು ಯಾರೋ ಟೀವಿ ರಿಮೋಟಿಗೆ ಹಾಕಿಕೊಂಡಿದ್ದರು. ಆಮೇಲೆ ಯಜಮಾನರು ಒಂದು ಪದ್ಧತಿ ಮಾಡಿದರು. ಆಯುಧ ಪೂಜೆಯ ದಿನ ಕಾರಿನ ಜೊತೆಗೆ ಇವೂ ಪೂಜೆಗೆ ಬರಬೇಕು: ವಾಲ್ವಿನ ಕೀಲಿ, ಟಾರ್ಚು, ಪವರ್ ಬ್ಯಾಂಕು, ಅಲಾರಂ, ಬೆಂಕಿ ಆರಿಸುವ ಸಿಲಿಂಡರು. ಅರಿಸಿನ-ಕುಂಕುಮ ಹಚ್ಚುವ ಮೊದಲು ಚಾರ್ಜು ನೋಡಿ, ಬ್ಯಾಟರಿ ಬದಲಿಸಿ, ಗುಂಡಿ ಒತ್ತಿ ಕೂಗುತ್ತದಾ ಕೇಳುತ್ತೇವೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಬ್ಬ, ಡಿಸೆಂಬರಿನಲ್ಲಿ ಚಳಿ. ಸರಿಯಾಗಿ ಹೊಂದುತ್ತದೆ.

ಊಟದ ವಿಷಯದಲ್ಲಿ ನಮ್ಮವರು ಪುಣ್ಯವಂತರು. ಬೆಂಕಿಯಿಲ್ಲದೆ ಊಟ ಮಾಡಬಲ್ಲ ಅಡುಗೆಮನೆ ನಮ್ಮದು. ಅವಲಕ್ಕಿಯನ್ನು ತಣ್ಣೀರಲ್ಲಿ ನೆನೆಸಿ ಚಟ್ನಿಪುಡಿ, ಎಣ್ಣೆ, ಮೊಸರು ಹಾಕಿ ಕಲಸಿದರೆ ಮೂರು ಹೊತ್ತು ಕಳೆಯುತ್ತದೆ. ಹುರಿಹಿಟ್ಟು, ಬೆಲ್ಲ, ಶೇಂಗಾ ಇದ್ದರೆ ಇನ್ನೂ ಎರಡು ದಿನ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನದು ನಾಲ್ಕು ಗಂಟೆ ಕೆಡದು. ತುಂಬಿದ ಫ್ರೀಜರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಫ್ರೀಜರಿನಲ್ಲಿ ಖಾಲಿ ಜಾಗವಿದ್ದರೆ ನೀರಿನ ಬಾಟಲಿ ತುಂಬಿಡಿ. ದೋಸೆಹಿಟ್ಟಿನ ಆಸೆ ಬಿಡಿ, ಐದು ಡಿಗ್ರಿಯಲ್ಲಿ ಅದು ಹುದುಗು ಬರುವ ಮಾತೇ ಇಲ್ಲ.

ಔಷಧಿ ಕನಿಷ್ಠ ಒಂದು ವಾರದ್ದು ಮುಂದಕ್ಕೆ ಇರಲಿ. ಇನ್ಸುಲಿನ್ ಬಗ್ಗೆ ಎಲ್ಲರೂ ಹೆದರುವುದು ಬಿಸಿಗೆ. ತೆರೆದ ಬಾಟಲಿ ಸಾಮಾನ್ಯವಾಗಿ ಕೋಣೆಯ ತಾಪಮಾನದಲ್ಲಿ ನಾಲ್ಕು ವಾರ ಇರುತ್ತದೆ. ಹೆಪ್ಪುಗಟ್ಟಿದರೆ ಮಾತ್ರ ಕೆಲಸಕ್ಕೆ ಬಾರದು, ಕರಗಿದ ಮೇಲೂ ಬಳಸುವಂತಿಲ್ಲ. ಚಳಿಯಲ್ಲಿ ಫ್ರಿಜ್ಜಿಲ್ಲ ಎಂದು ಅದನ್ನು ಹಿಮದಲ್ಲಿ ಹೂತಿಟ್ಟವರಿದ್ದಾರೆ. ಊರಿಂದ ಅಪ್ಪ-ಅಮ್ಮ ಬಂದಿದ್ದರೆ ಅವರ ಮಾತ್ರೆಗಳ ಹೆಸರು, ಪ್ರಮಾಣ, ಇನ್ಶೂರೆನ್ಸ್ ನಂಬರು, ಮನೆಯ ವಿಳಾಸ, ನಾಲ್ಕು ಫೋನ್ ನಂಬರು ಕಾಗದದ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಫೋನ್ ಸತ್ತಾಗ ನನಗೆ ನೆನಪಿದ್ದ ನಂಬರು ಒಂದೇ, ತೀರ್ಥಹಳ್ಳಿಯ ಹಳೆಯ ಲ್ಯಾಂಡ್‌ಲೈನಿನದು. ಅದನ್ನು ತೆಗೆಸಿ ಹತ್ತು ವರ್ಷ ಆಗಿತ್ತು. ಅಮೆರಿಕದಲ್ಲಿ ತುರ್ತಿಗೆ 911, ಬೆಚ್ಚಗಿನ ಆಸರೆ ಎಲ್ಲಿದೆ ಎಂದು ಕೇಳಲು 211. ಊರಲ್ಲಿ ತುರ್ತಿಗೆ 112, ಆಂಬುಲೆನ್ಸಿಗೆ 108, ಕರೆಂಟಿನ ದೂರಿಗೆ 1912, ಅಡುಗೆ ಗ್ಯಾಸು ಸೋರಿದರೆ 1906.

ಎರಡು ಆಷಾಢದ ಹಿಂದೆ ಅಮ್ಮನ ಫೋನ್ ಬಂತು. "ಮೂರು ದಿನ ಆಯ್ತು ಕಣೆ ಕರೆಂಟಿಲ್ದೆ. ಟ್ಯಾಂಕು ಖಾಲಿ. ಸ್ನಾನ ಇಲ್ಲ." ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅಂಗಳದಲ್ಲೇ ಬಾವಿ ಇದೆಯಲ್ಲ? ಬಾವಿ ಇದೆ. ಬೋರು ಹಾಕಿಸಿದ ವರ್ಷ ಗಡಗಡೆ ಬಿಚ್ಚಿ, ಬಾಯಿಗೆ ಕಬ್ಬಿಣದ ಬಲೆ ಬೆಸುಗೆ ಹಾಕಿಸಿದ್ದರಂತೆ. ಬಚ್ಚಲಿಗೆ ಟೈಲ್ಸ್ ಹಾಕಿಸಿದಾಗ ಹಂಡೆ ಅಟ್ಟ ಸೇರಿತ್ತು, ಬಂದದ್ದು ಗೀಸರು. ಸೌದೆ ಕೊಟ್ಟಿಗೆಯಲ್ಲಿ ಈಗ ತಮ್ಮನ ಕಾರು. "ಹಾಗಾದ್ರೆ ನಿಮ್ಮನೇಲಿ ಕರೆಂಟು ಬಿಟ್ರೆ ಏನಿದೆ ಅಮ್ಮಾ?" ಎಂದೆ. ಅವಳಿಗೆ ತನ್ನ ಮಾತು ನೆನಪಿತ್ತು, ನಕ್ಕಳು. "ಗ್ಯಾಸಿದೆ. ಅವಲಕ್ಕಿ ಇದೆ. ನಿನ್ನ ಅಪ್ಪ ಇದ್ದಾರೆ."

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬೆಸುಗೆಯವನನ್ನು ಕರೆಸಿ ಬಲೆಯಲ್ಲಿ ಒಂದು ಕೊಡ ಇಳಿಯುವಷ್ಟು ಬಾಗಿಲು ಮಾಡಿಸಿ, ಚಿಲಕ ಹಾಕಿಸಿದೆವು. ಗಡಗಡೆ ಹಿತ್ತಲ ಗೂಡಿನಲ್ಲೇ ಇತ್ತು, ಎಣ್ಣೆ ಬಿಟ್ಟ ಮೇಲೆ ತಿರುಗಿತು. ಹಗ್ಗ ತರಲು ಪೇಟೆಗೆ ಹೋದೆ. ಅಂಗಡಿಯವನು ಎಷ್ಟು ಮಾರು ಎಂದು ಕೇಳಿದ. ಬಾವಿ ಎಷ್ಟು ಆಳ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಫೋನ್ ಮಾಡಿದೆ.

"ಬೇಸಿಗೆ ನೀರಿಗೆ ಹನ್ನೆರಡು ಬೇಕು," ಎಂದಳು ಅಮ್ಮ. "ಹದಿಮೂರು ತಗೊ. ಕೊಡಕ್ಕೆ ಕುಣಿಕೆ ಹಾಕೋಕೆ ಬೇಕಲ್ಲ."